ದಕ್ಷಿಣ ಕೊರಿಯಾಕ್ಕೆ ಥಾಡ್ ರಾಡಾರ್ ಬಂದರೆ ಚೀನಾಕ್ಕೆ ಯಾಕೆ ಅಷ್ಟು ಸಿಟ್ಟು?

ಉತ್ತರ ಕೊರಿಯಾದ ಕ್ಷಿಪಣಿ ತಡೆಯಲು ಥಾಡ್ ಎಂಬ ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆ ತರುತ್ತೇವೆ ಎಂದು ಅಮೆರಿಕ ಮತ್ತು ದಕ್ಷಿಣ ಕೊರಿಯಾ 2016ರ ಜುಲೈನಲ್ಲಿ ಘೋಷಿಸಿದವು. ಚೀನಾಕ್ಕೆ ಚುಚ್ಚಿದ್ದು ಅದರ ರಾಡಾರ್. ತನ್ನ ನೆಲದೊಳಗೂ ಅದು ಇಣುಕುತ್ತದೆ, ತನ್ನ ಕ್ಷಿಪಣಿಗಳ ಸುಳಿವು ಅಮೆರಿಕಕ್ಕೆ ಬೇಗ ಸಿಗುತ್ತದೆ ಅನ್ನೋದು ಅದರ ವಾದ. ರಷ್ಯಾವೂ ದನಿಗೂಡಿಸಿತು. ಹಾಗೆ ನೋಡಿದರೆ ಜಪಾನ್‌ನಲ್ಲಿ ಇದೇ ಬಗೆಯ ಅಮೆರಿಕದ ರಾಡಾರ್ 2006ರಿಂದಲೇ ಇದೆ.

ಏಟು ಬಿದ್ದಿದ್ದು ವ್ಯಾಪಾರಕ್ಕೆ. ದಕ್ಷಿಣ ಕೊರಿಯಾದ ಸೊಂಗ್ಜುವಿನಲ್ಲಿದ್ದ ತನ್ನ ಗಾಲ್ಫ್ ಮೈದಾನವನ್ನು ಥಾಡ್‌ಗಾಗಿ ಬಿಟ್ಟುಕೊಟ್ಟಿದ್ದು ಅಲ್ಲಿನ ಲೋಟೆ ಕಂಪನಿ. ಚೀನಾದಲ್ಲಿ ಅದರ ಹತ್ತಾರು ಅಂಗಡಿಗಳಿಗೆ ಬೀಗ ಬಿತ್ತು. ಹೇಳಿದ ಕಾರಣ ಅಗ್ನಿ ಸುರಕ್ಷತೆ! 2017ರ ಮಾರ್ಚ್‌ನಿಂದ ದಕ್ಷಿಣ ಕೊರಿಯಾಕ್ಕೆ ಬರುವ ಚೀನೀ ಪ್ರವಾಸಿ ತಂಡಗಳೂ ನಿಂತವು. ನನಗಿದು ಅನ್ಯಾಯ ಅನಿಸುತ್ತದೆ. ನಿರ್ಧಾರ ಸರ್ಕಾರದ್ದು, ಪೆಟ್ಟು ಅಂಗಡಿಯವರಿಗೆ, ಟೂರ್ ಗೈಡ್‌ಗಳಿಗೆ ಅಲ್ವಾ? ಅದೇ ಅಕ್ಟೋಬರ್‌ನಲ್ಲಿ ಸಂಬಂಧ ಸರಿಪಡಿಸಿಕೊಳ್ಳಲು ಚೀನಾ ಮತ್ತು ದಕ್ಷಿಣ ಕೊರಿಯಾ ಒಪ್ಪಿದವು.