ಓದುಗರು ಕೇಳಿದ್ದು: ಫಲಕದ ಮೇಲೆ ಏನು ಬರೆಯೋಣ?

ಪ್ರಶ್ನೆ: ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನಕ್ಕೆ ನಮ್ಮ ಕಾಲೇಜಿನಲ್ಲಿ ಅಮೆರಿಕದ ರಕ್ಷಣಾ ತಂತ್ರಜ್ಞಾನದಲ್ಲಿ ದುಡಿದ ಕಪ್ಪು ಜನಾಂಗದವರ ಬಗ್ಗೆ ಫಲಕಗಳನ್ನು ಮಾಡುತ್ತಿದ್ದೇವೆ. ಗ್ಲ್ಯಾಡಿಸ್ ವೆಸ್ಟ್ ಅವರನ್ನು ‘ಜಿಪಿಎಸ್ ಕಂಡುಹಿಡಿದವರು’ ಎನ್ನಬಹುದೇ?
– ಉಪನ್ಯಾಸಕಿ, ಪೊನ್ನಂಪೇಟೆ

ಉತ್ತರ: ಬೇಡ. ಜಿಪಿಎಸ್ ಹಲವು ತಂಡಗಳ ಕೆಲಸ. ಬಿರುದು ದೊಡ್ಡದಾದಷ್ಟೂ ಅವರು ನಿಜವಾಗಿ ಮಾಡಿದ್ದು ಕಾಣದಾಗುತ್ತದೆ. ವೆಸ್ಟ್ ಗಣಿತಜ್ಞೆ. 1956ರಲ್ಲಿ ವರ್ಜೀನಿಯಾದ ಡಾಲ್‌ಗ್ರೆನ್ ನೌಕಾನೆಲೆಯಲ್ಲಿ ಕೆಲಸಕ್ಕೆ ಸೇರಿದರು. ಉಪಗ್ರಹದ ರೇಡಾರ್ ಸಂಕೇತ ಕಡಲಿಗೆ ಬಡಿದು ಮರಳಲು ಹಿಡಿಯುವ ಸಮಯದಿಂದ ಎತ್ತರ ತಿಳಿಯುತ್ತದೆ. ಅದರಿಂದ ಉಬ್ಬರವಿಳಿತ, ವಾತಾವರಣದಲ್ಲಾಗುವ ವಿಳಂಬ, ಕಕ್ಷೆಯ ತಪ್ಪು ಇವನ್ನೆಲ್ಲ ಕಳೆದು ಭೂಮಿಯ ನಿಜವಾದ ಆಕಾರ ಲೆಕ್ಕ ಹಾಕಬೇಕು. ಐಬಿಎಂ 7030 ಕಂಪ್ಯೂಟರಿಗೆ ಅವರು ಪ್ರೋಗ್ರಾಂ ಬರೆದದ್ದು ಇಂಥ ಲೆಕ್ಕಕ್ಕೇ. 1978ರಲ್ಲಿ ಹಾರಿದ ಸೀಸ್ಯಾಟ್ ಉಪಗ್ರಹದ ದತ್ತಾಂಶ ಕೆಲಸಕ್ಕೆ ಅವರೇ ಯೋಜನಾ ವ್ಯವಸ್ಥಾಪಕಿ. ನಿವೃತ್ತಿ 1998ರಲ್ಲಿ, ಅಮೆರಿಕದ ವಾಯುಪಡೆ ತನ್ನ ಬಾಹ್ಯಾಕಾಶ ಪ್ರವರ್ತಕರ ಸಾಲಿಗೆ ಸೇರಿಸಿಕೊಂಡದ್ದು 2018ರಲ್ಲಿ. ಈ ಎರಡು ಇಸವಿಗಳನ್ನೂ ಅಕ್ಕಪಕ್ಕ ಬರೆಯಿರಿ.

ಈ ಲೆಕ್ಕ ಏಕೆ ಬೇಕೆಂಬುದನ್ನು ಕೊಡಗಿನಲ್ಲೇ ತೋರಿಸಬಹುದು. ಜಿಪಿಎಸ್ ಎತ್ತರವನ್ನು ಎಣಿಸುವುದು ನಯವಾದ ಅಂಡಾಕಾರದ ಕಾಲ್ಪನಿಕ ಭೂಮಿಯ ಮೇಲೆ. ನಮ್ಮ ಕಡೆ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಎಂಬತ್ತು-ತೊಂಬತ್ತು ಮೀಟರ್ ಕೆಳಗಿದೆ. ಈ ತಿದ್ದುಪಡಿ ಮಾಡದ ಆ್ಯಪ್ ಮಡಿಕೇರಿಯ ಎತ್ತರವನ್ನು ಅಷ್ಟು ಕಡಿಮೆ ತೋರಿಸುತ್ತದೆ. ಮಂಗಳೂರಿನ ಕಡಲತೀರದಲ್ಲಂತೂ ಮೈನಸ್ ಅಂಕಿ. ತಿದ್ದಿದ ಮತ್ತು ತಿದ್ದದ ಎತ್ತರ ಎರಡನ್ನೂ ಕೊಡುವ ಆ್ಯಪ್ ಹಾಕಿಕೊಂಡು, ಬಯಲಲ್ಲಿ ಹತ್ತು ನಿಮಿಷ ಫೋನ್ ಕದಲಿಸದೆ ಇಡಿ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ ಸಂಕೇತ ಚದುರಿ ಅಂಕಿ ಕುಣಿಯುತ್ತದೆ. ಹೋಲಿಸಿ ನೋಡಲು ಬೇರೆ ಊರಿನವರಿಗೆ ಸಮುದ್ರಮಟ್ಟದಿಂದ ಎತ್ತರ ಬರೆದ ರೈಲು ನಿಲ್ದಾಣದ ಹಳದಿ ಬೋರ್ಡು ಇದೆ. ಕೊಡಗಿಗೆ ರೈಲೇ ಇಲ್ಲವಲ್ಲ, ಸರ್ವೇ ಆಫ್ ಇಂಡಿಯಾ ನಕ್ಷೆಯ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ನೋಡಿ.

ಪ್ರಶ್ನೆ: ಅಮೆರಿಕದ ನೌಕಾಪಡೆಯ ಮಹಿಳಾ ಎಂಜಿನಿಯರ್ ರೇ ಮಾಂಟೆಗ್ಯೂ 19 ಗಂಟೆಗೂ ಕಡಿಮೆ ಸಮಯದಲ್ಲಿ ಯುದ್ಧನೌಕೆ ವಿನ್ಯಾಸಗೊಳಿಸಿದರು ಎನ್ನುತ್ತಾರೆ. ನಂಬಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಸಮಯ ಸರಿ, ‘ವಿನ್ಯಾಸ’ ಎಂಬಲ್ಲಿ ‘ಕರಡು ವಿನ್ಯಾಸ’ ಎಂದಾಗಬೇಕು. 1971ರಲ್ಲಿ ಅಮೆರಿಕದ ನೌಕಾಪಡೆಯ ಪೆರಿ ವರ್ಗದ ಫ್ರಿಗೇಟ್‌ಗೆ ಕಂಪ್ಯೂಟರಿನಿಂದ ಮೊದಲ ಕರಡು ತೆಗೆದದ್ದು ಅವರು. ಕೈಯಲ್ಲಿ ಮಾಡಿದರೆ ಇದೇ ಹಂತಕ್ಕೆ ಎರಡು ವರ್ಷ ಹಿಡಿಯುತ್ತಿತ್ತು. ಕರಡಿನ ನಂತರವೂ ವಿವರ ನಕ್ಷೆ, ಪರೀಕ್ಷೆ, ಕಟ್ಟುವ ಕೆಲಸ ಎಲ್ಲ ಉಳಿದಿರುತ್ತದೆ. ಅವರು ಹುಟ್ಟಿದ ಅರ್ಕಾನ್ಸಾಸ್ ರಾಜ್ಯದಲ್ಲಿ ಕಪ್ಪು ಜನಾಂಗದವರಿಗೆ ಎಂಜಿನಿಯರಿಂಗ್ ಸೀಟು ಕೊಡುತ್ತಿರಲಿಲ್ಲ. ಅವರು ವಾಣಿಜ್ಯ ಓದಿ, 1956ರಲ್ಲಿ ಟೈಪಿಸ್ಟ್ ಆಗಿ ನೌಕಾಪಡೆ ಸೇರಿದವರು. ಜಾಗ ಸಾಲದಿದ್ದರೆ ಭಾವಚಿತ್ರ ಚಿಕ್ಕದು ಮಾಡಿ, ಈ ವಾಕ್ಯ ತೆಗೆಯಬೇಡಿ.

ಪ್ರಶ್ನೆ: ನೀರಿನ ಆಟಿಕೆ ಬಂದೂಕು ‘ಸೂಪರ್ ಸೋಕರ್’ ಮಾಡಿದ ಲಾನಿ ಜಾನ್ಸನ್ ಈ ಪಟ್ಟಿಗೆ ಸೇರುತ್ತಾರೆಯೇ?
– ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಖಂಡಿತ, ಆದರೆ ಆಟಿಕೆಯ ಕಾರಣಕ್ಕಲ್ಲ. ಅವರು ಅಮೆರಿಕದ ವಾಯುಪಡೆಯಲ್ಲಿ ಸ್ಟೆಲ್ತ್ ಬಾಂಬರ್ (ರೇಡಾರ್‌ಗೆ ಸುಲಭವಾಗಿ ಸಿಗದ ಬಾಂಬರ್ ವಿಮಾನ) ಯೋಜನೆಯಲ್ಲಿ, ನಾಸಾದಲ್ಲಿ ಗುರುಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯ ಮೇಲೆ ಕೆಲಸ ಮಾಡಿದವರು. ಆಟಿಕೆಯನ್ನು ಕೊನೆಯ ಸಾಲಿನಲ್ಲಿ ಹಾಕಿ.