ಕೈಪಿಡಿಯಿಲ್ಲದ ಹಳೆ ವರ್ಡ್ ಪ್ರೊಸೆಸರ್: ಸ್ವಿಚ್ ಹಾಕುವ ಮುಂಚೆ

ಪ್ರಶ್ನೆ: ನಮ್ಮ ಹಳೆ ಅಡಿಕೆ ಮಂಡಿಯ ಅಟ್ಟದಲ್ಲಿ ಟೈಪಿಂಗ್‌ಗೆಂದೇ ಮಾಡಿದ ಕಂಪ್ಯೂಟರ್ ಒಂದು ಸಿಕ್ಕಿದೆ. ಪರದೆ, ಫ್ಲಾಪಿ ಡ್ರೈವ್ ಎಲ್ಲ ಒಂದೇ ಡಬ್ಬದಲ್ಲಿವೆ. ಹೆಸರಿನ ಪಟ್ಟಿ ಕಿತ್ತುಹೋಗಿದೆ, ಇಂಟರ್‌ನೆಟ್‌ನಲ್ಲಿ ಹುಡುಕಿದರೂ ಇದರ ಸುಳಿವಿಲ್ಲ. ಒಳಗೆ ಝಡ್-80 ಪ್ರೊಸೆಸರ್, 4116 ಎಂದು ಬರೆದ 16 ಚಿಪ್, ಗಾಜಿನ ಕಿಟಕಿಯಿರುವ ಎರಡು ಚಿಪ್ ಇವೆ. ಸ್ವಿಚ್ ಹಾಕಿ ನೋಡಲೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಮೊದಲು ಆ ಕಿಟಕಿಯ ಚಿಪ್‌ಗಳನ್ನು ಉಳಿಸಿಕೊಳ್ಳಿ. ಅವು ಇಪ್ರಾಮ್‌ಗಳು, ಯಂತ್ರ ಏಳುವಾಗ ಓದಿಕೊಳ್ಳುವ ಪ್ರೋಗ್ರಾಂ ಅವುಗಳಲ್ಲಿ ಬರೀ ವಿದ್ಯುದಾವೇಶವಾಗಿ ಕೂತಿರುತ್ತದೆ. ಕಿಟಕಿಯ ಮೇಲಿನ ಸ್ಟಿಕ್ಕರ್ ಉದುರಿ ಬಿಸಿಲು ಬಿದ್ದರೆ ಅಳಿಯುತ್ತದೆ, ಬಿಸಿಲು ಬೀಳದಿದ್ದರೂ ದಶಕಗಳಲ್ಲಿ ನಿಧಾನಕ್ಕೆ ಸೋರುತ್ತದೆ. ನಿಮ್ಮ ಯಂತ್ರದ ಇನ್ನೊಂದು ಪ್ರತಿ ಎಲ್ಲಿದೆಯೋ ಗೊತ್ತಿಲ್ಲದಿರುವಾಗ ಅದು ಹೋದರೆ ಹೋದಂತೆಯೇ. ಇವತ್ತೇ ಕಪ್ಪು ಟೇಪ್ ಅಂಟಿಸಿ.

ಚಿಪ್ ಕೀಳುವ ಮುಂಚೆ ಯಾವ ಸಾಕೆಟ್, ಕಚ್ಚು ಯಾವ ಕಡೆ ಎಂಬುದು ಕಾಣುವಂತೆ ಫೋಟೊ ತೆಗೆಯಿರಿ. ಚಪ್ಪಟೆ ಸ್ಕ್ರೂಡ್ರೈವರನ್ನು ಎರಡೂ ತುದಿಗೆ ಸರದಿಯಂತೆ ತೂರಿಸಿ, ಒಂದೊಂದು ಮಿಲಿಮೀಟರ್‌ನಷ್ಟೇ ಎತ್ತಿ. ಒಂದೇ ಕಡೆಯಿಂದ ಎಬ್ಬಿಸಿದರೆ ಕಾಲು ಮುರಿಯುತ್ತದೆ. ಕಪ್ಪಾದ ಕಾಲುಗಳನ್ನು ಬ್ಲೇಡಿನಿಂದ ಕೆರೆಯದೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. 2716 ಎಂದಿದ್ದರೆ 2 ಕಿಲೋಬೈಟ್, 2732 ಆದರೆ 4, 2764 ಆದರೆ 8. ‘ಪ್ರೋಗ್ರಾಮರ್’ ಎಂಬ ಚಿಪ್ ಓದುವ ಸಾಧನದಲ್ಲಿ ಮೂರು ಸಲ ಓದಿಸಿ. ಮೂರೂ ಫೈಲ್ ತಾಳೆಯಾಗಬೇಕು.

ಆ ಫೈಲುಗಳೇ ನಿಮಗೆ ಸಿಗುವ ಕೈಪಿಡಿ. ಝಡ್-80 ರೀಸೆಟ್ ಆದಾಗ ಸೊನ್ನೆಯ ವಿಳಾಸದಿಂದ ಓದಲು ತೊಡಗುತ್ತದೆ. ಹಾಗಾಗಿ ಎಫ್3 ಅಥವಾ ಸಿ3 (ಹೆಕ್ಸ್, ಅಂದರೆ ಹದಿನಾರರ ಎಣಿಕೆ) ಬೈಟಿನಿಂದ ಶುರುವಾಗುವ ಫೈಲ್ ಬಹುಮಟ್ಟಿಗೆ ಮೊದಲ ಚಿಪ್‌ನದು. ಒಳಗೆ ‘ಡಿಸ್ಕ್ ಹಾಕಿ’ ಎಂಬಂಥ ಇಂಗ್ಲಿಷ್ ಸಂದೇಶಗಳು, ಕೆಲವೊಮ್ಮೆ ತಯಾರಕರ ಹೆಸರೇ ಸಿಗುತ್ತದೆ. ಆಮೇಲೆ ಬೈಟುಗಳನ್ನು ಪ್ರೊಸೆಸರ್ ಆದೇಶಗಳಾಗಿ ಬಿಡಿಸುವ ಡಿಸ್‌ಅಸೆಂಬ್ಲರ್‌ಗೆ ಕೊಟ್ಟು ಡಿ3, ಡಿಬಿ ಆದೇಶಗಳನ್ನು ಹುಡುಕಿ. ಮೊದಲನೆಯದು ಹೊರಗೆ ಕಳಿಸುವುದು, ಎರಡನೆಯದು ಒಳಗೆ ತರುವುದು. ಅದರ ಪಕ್ಕದ ಬೈಟೇ ಪೋರ್ಟ್ ಸಂಖ್ಯೆ, ಅಂದರೆ ಹೊರಗಿನ ಸಾಧನದ ಬಾಗಿಲಿನ ಅಂಕಿ. ಯಾವ ಪೋರ್ಟ್ ಕೀಲಿಮಣೆಗೆ, ಯಾವುದು ಫ್ಲಾಪಿಗೆ ಎಂದು ಬೋರ್ಡಿನ ಗೆರೆ ಹಿಡಿದು ಹೋಗಿ ನಕ್ಷೆ ಬರೆದಿಡಿ.

ಇನ್ನು ಕರೆಂಟು. 4116 ಮೆಮೊರಿಗೆ ಮೂರು ವೋಲ್ಟೇಜ್ ಬೇಕು: ಕಾಲು 1ಕ್ಕೆ −5, ಕಾಲು 8ಕ್ಕೆ +12, ಕಾಲು 9ಕ್ಕೆ +5, ಕಾಲು 16 ಗ್ರೌಂಡ್. −5 ಇಲ್ಲದೆ +12 ಬಂದರೆ ಚಿಪ್‌ಗಳು ಕಾದು ಸತ್ತೇಹೋಗುತ್ತವೆ, 16ಕ್ಕೆ 16ನ್ನೂ ಕಳೆದುಕೊಳ್ಳಬಹುದು. ‘ಸ್ವಿಚ್ ಬೇಡ’ ಎಂದಿದ್ದು ಇದಕ್ಕೇ. ಪವರ್ ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ ಬೇರೆಯಾಗಿ ಪರೀಕ್ಷಿಸಿ. ಹಿಂದೆ 115/230 ಆಯ್ಕೆಯ ಸ್ವಿಚ್ ಇದ್ದರೆ 230ರಲ್ಲಿರಲಿ. ಮೇನ್ಸ್ ವೈರ್ ಒಳಬರುವಲ್ಲಿ ಹಳದಿ ಛಾಯೆಯ, ಬಿರುಕು ಬಿಟ್ಟ ಪಾರದರ್ಶಕ ಕೆಪಾಸಿಟರ್ ಕಂಡರೆ ಅಷ್ಟೇ ಮೌಲ್ಯದ, 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯದನ್ನು ಹಾಕಿ. ಹಳೆಯದರೊಳಗಿನ ಕಾಗದ ಮಳೆಗಾಲದ ತೇವ ಹೀರಿಕೊಂಡು ಕೆಲವೇ ನಿಮಿಷದಲ್ಲಿ ಹೊಗೆ ಬಿಡುತ್ತದೆ. +5ಕ್ಕೆ 5 ಓಮ್, 10 ವಾಟ್ ರೆಸಿಸ್ಟರ್, +12ಕ್ಕೆ ಬೈಕಿನ 10 ವಾಟ್ ಇಂಡಿಕೇಟರ್ ಬಲ್ಬ್ ಲೋಡಾಗಿ ಸಾಕು. ಮೇನ್ಸ್ ದಾರಿಯಲ್ಲಿ 60 ವಾಟ್‌ನ ಹಳೆ ಮಾದರಿ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಕೊಡಿ. ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. +5 ಎಂಬುದು 4.75ರಿಂದ 5.25ರೊಳಗೆ, −5 ಎಂಬುದು −4.5ರಿಂದ −5.5ರೊಳಗೆ ನಿಂತ ಮೇಲೆಯೇ ಬೋರ್ಡಿಗೆ ಜೋಡಿಸಿ. ಚಿತ್ರನಳಿಕೆಯ ರಬ್ಬರ್ ಟೊಪ್ಪಿಯ ಕೆಳಗೆ 10,000 ವೋಲ್ಟ್ ಆಸುಪಾಸು ಉಳಿದಿರಬಹುದು. ಟಿವಿ ರಿಪೇರಿ ಗೊತ್ತಿದ್ದವರನ್ನು ಜೊತೆಗಿಟ್ಟುಕೊಳ್ಳದೆ ಅದಕ್ಕೆ ಕೈ ಹಚ್ಚಬೇಡಿ.

ಪ್ರಶ್ನೆ: ಇಂಥದ್ದೇ ಯಂತ್ರಕ್ಕೆ ವೋಲ್ಟೇಜ್ ಎಲ್ಲ ಸರಿಯಿದೆ, ಪರದೆ ಬೆಳಗುತ್ತದೆ, ಅಕ್ಷರ ಮಾತ್ರ ಮೂಡುವುದಿಲ್ಲ.
– ಓದುಗರು, ಚಿತ್ರದುರ್ಗ

ಉತ್ತರ: ಮಲ್ಟಿಮೀಟರ್ ಸಾಲದು, ಆಸಿಲೋಸ್ಕೋಪ್ ಬೇಕು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೇಳಿ ನೋಡಿ. ಝಡ್-80ರ ಕಾಲು 6ರಲ್ಲಿ ಕ್ಲಾಕ್ ಇರಬೇಕು. ಕಾಲು 26 ಸ್ವಿಚ್ ಹಾಕಿದ ಕ್ಷಣ ಕೆಳಗಿದ್ದು ಆಮೇಲೆ ಮೇಲೇರಬೇಕು. ಕೆಳಗೇ ಉಳಿದರೆ ರೀಸೆಟ್ ಕೆಪಾಸಿಟರ್ ಸೋರುತ್ತಿರಬಹುದು. ಕಾಲು 27 ಮಿಡಿಯುತ್ತಿದ್ದರೆ ಪ್ರೊಸೆಸರ್ ಆದೇಶ ಓದುತ್ತಿದೆ ಎಂದರ್ಥ. ಅದು ಮಿಡಿಯುತ್ತಲೇ ಇದ್ದರೂ ಕಾಲು 18 ಕೆಳಗಿಳಿದು ನಿಂತಿದ್ದರೆ ಪ್ರೊಸೆಸರ್ ಕಸದ ಬೈಟ್ ಓದಿ ಹಾಲ್ಟ್ ಆಗಿರಬಹುದು. ಇಪ್ರಾಮ್ ಸಾಕೆಟ್ಟಿನ ಕಿಲುಬನ್ನೇ ಮೊದಲು ಅನುಮಾನಿಸಿ. ಪರದೆಗೆ 6845 ಚಿಪ್ ಇದ್ದರೆ ಅದರ 39, 40ನೇ ಕಾಲುಗಳಲ್ಲಿ ಸಿಂಕ್ (ಚಿತ್ರದ ಗೆರೆಗಳನ್ನು ತಾಳಕ್ಕೆ ನಿಲ್ಲಿಸುವ ಮಿಡಿತ) ನೋಡಿ. ಪ್ರೋಗ್ರಾಂ ಓಡದಿದ್ದರೆ ಅಲ್ಲೂ ಏನೂ ಬರುವುದಿಲ್ಲ, ಅಷ್ಟಕ್ಕೇ ಆ ಚಿಪ್ ಸತ್ತಿದೆ ಎನ್ನಬೇಡಿ.

ಪ್ರಶ್ನೆ: ಕಚೇರಿಯ 5.25 ಇಂಚಿನ ಹಳೆ ಫ್ಲಾಪಿಗಳಿವೆ. ಕೆಲವು ಓದಿದವು, ಆದರೆ ಅಕ್ಷರವೆಲ್ಲ ಗೋಜಲು. ಕನ್ನಡವೂ ಇರಬಹುದು.
– ಓದುಗರು, ಹಿರಿಯೂರು

ಉತ್ತರ: ಉಳಿದವನ್ನು ಡ್ರೈವಿಗೆ ತುರುಕುವ ಮುಂಚೆ ಬೆಳಕಿಗೆ ಹಿಡಿದು, ನಡುವಿನ ರಂಧ್ರಕ್ಕೆ ಬೆರಳು ಹಾಕಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಿ. ಪಕ್ಕದ ಪುಟ್ಟ ಕಿಂಡಿಯಲ್ಲಿ ಒಂದು ಸುತ್ತಿಗೆ ಒಂದೇ ತೂತು ದಾಟಿದರೆ ಸಾಫ್ಟ್ ಸೆಕ್ಟರ್. 11 ಅಥವಾ 17 ದಾಟಿದರೆ ಹಾರ್ಡ್ ಸೆಕ್ಟರ್, ಅಂದರೆ ತಟ್ಟೆಯ ವಿಭಾಗಗಳನ್ನು ತೂತುಗಳೇ ಗುರುತಿಸುತ್ತವೆ. ಸಾಮಾನ್ಯ ಪಿಸಿ ಅದನ್ನು ಓದಲಾರದು, ಗ್ರೀಸ್‌ವೀಸಲ್‌ನಂಥ ಫ್ಲಕ್ಸ್ (ತಟ್ಟೆಯ ಕಾಂತದ ಬದಲಾವಣೆ) ಓದುವ ಬೋರ್ಡ್ ಬೇಕು. ತಟ್ಟೆಯ ಮೇಲೆ ಬೂಷ್ಟಿನ ಬಿಳಿ ಚುಕ್ಕೆ ಕಂಡರೆ ಹಾಗೆಯೇ ಓದಿಸಬೇಡಿ, ಹೆಡ್ಡು ಅದನ್ನು ಉಜ್ಜಿ ಕಾಂತದ ಲೇಪವನ್ನೇ ಕೆರೆದುಬಿಡುತ್ತದೆ. ಬದಿಯ ಕಚ್ಚಿಗೆ ಟೇಪ್ ಹಾಕಿದರೆ ತಪ್ಪಿ ಬರೆಯುವ ಭಯವಿಲ್ಲ. 360 ಕಿಲೋಬೈಟ್ ಫ್ಲಾಪಿಯನ್ನು 1.2 ಮೆಗಾಬೈಟ್ ಡ್ರೈವಿನಲ್ಲಿ ಓದಬಹುದು, ಬರೆಯಬಾರದು. ಅದರ ಹೆಡ್ಡಿನ ಗೆರೆ ಕಿರಿದು.

ಗೋಜಲಿನ ಮಾತಿಗೆ ಬಂದರೆ, ಬೈಟುಗಳನ್ನು ಹಾಗೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಫೈಲ್ ತೆರೆದು ನೋಡಿ. ಪದಗಳ ಕೊನೆಯಕ್ಷರ ಮಾತ್ರ ಕೆಟ್ಟಿದ್ದರೆ ಅದು ವರ್ಡ್‌ಸ್ಟಾರ್ ಎಂಬ ಹಳೆ ಟೈಪಿಂಗ್ ಪ್ರೋಗ್ರಾಂನದು; ಪದದ ಕೊನೆಯಕ್ಷರಕ್ಕೆ 128 ಕೂಡಿಸುವುದು ಅದರ ರೂಢಿ. ಪ್ರತಿ ಬೈಟಿನ ಎಂಟನೇ ಬಿಟ್ ತೆಗೆದರೆ ಇಂಗ್ಲಿಷ್ ಹೊರಬರುತ್ತದೆ. ಆದರೆ ಹೆಚ್ಚುಕಮ್ಮಿ ಎಲ್ಲ ಬೈಟೂ ಎ1ರಿಂದ ಎಫ್ಎ ತನಕ ಇದ್ದರೆ, ನಡುನಡುವೆ ಇ8 ಬರುತ್ತಿದ್ದರೆ, ಹಾಗೆ ಮಾಡಬೇಡಿ. ಅದು 1991ರ ಐಎಸ್ 13194 ಮಾನಕದ, ಭಾರತೀಯ ಲಿಪಿಗಳಿಗೆಂದೇ ಮಾಡಿದ ಇಸ್ಕಿ ಸಂಕೇತ ಇರಬಹುದು: ಬಿ3 ಎಂದರೆ ಕ, ಇ8 ಎಂದರೆ ಹಲಂತ. ಎಂಟನೇ ಬಿಟ್ ತೆಗೆದು ಅದೇ ಹೆಸರಿನಲ್ಲಿ ಉಳಿಸಿದರೆ ಕನ್ನಡವೆಲ್ಲ ಅಳಿಸಿಹೋಗುತ್ತದೆ. ಮೂಲ ಫೈಲನ್ನು ಮುಟ್ಟದೆ ನಕಲಿನ ಮೇಲೆಯೇ ಪ್ರಯೋಗ ಮಾಡಿ.