ಸಾಕುಪ್ರಾಣಿ ಸಮಾಲೋಚನೆ: ಆ ರಕ್ತದ ಹನಿ ಎಲ್ಲಿಂದ ಬಂತೆಂದು ಮೊದಲು ತಿಳಿಯಲಿ

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಮೂರು ವಾರದ ಹಿಂದೆ ಕಡಲತೀರದ ರಸ್ತೆಯಲ್ಲಿ ಮಳೆಗೆ ನೆನೆದು ನಡುಗುತ್ತಿದ್ದ ಹೆಣ್ಣು ನಾಯಿಯೊಂದನ್ನು ಮಗಳು ಎತ್ತಿಕೊಂಡು ಬಂದಳು. ವರ್ಷದ ಆಸುಪಾಸಿನ ಪ್ರಾಯ ಇರಬಹುದು. ಮೈತುಂಬ ಉಣ್ಣಿಗಳಿದ್ದವು, ಕೈಯಿಂದಲೇ ಕಿತ್ತು ತೆಗೆದೆವು. ಬಂದ ಮೊದಲ ವಾರದಲ್ಲಿ ಅದು ಮಲಗುವ ಗೋಣಿಯ ಮೇಲೆ ರಕ್ತದ ಹನಿಗಳಿದ್ದವು. ಈಗಲೂ ಆಗೊಮ್ಮೆ ಈಗೊಮ್ಮೆ ಕಾಣುತ್ತವೆ. ಮುಂದಿನ ತಿಂಗಳು ನಾಯಿಗಳ ಸಂತಾನಹರಣ ಶಿಬಿರ ನಡೆಯಲಿದೆಯಂತೆ, ಅಲ್ಲಿಯೇ ಆಪರೇಷನ್ ಮಾಡಿಸಿಬಿಡೋಣ ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ಹೆಣ್ಣು ಜೀವ ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ರೋಗ ಹತ್ತುತ್ತದೆ ಎನ್ನುತ್ತಾರೆ ಅತ್ತೆಯವರು. ಲಸಿಕೆ ಮೊದಲೋ, ಆಪರೇಷನ್ ಮೊದಲೋ? ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಕಾರವಾರ

ಉತ್ತರ: ತಾವು ಕೊನೆಯಲ್ಲಿ ಕೇಳಿದ ಪ್ರಶ್ನೆಗಿಂತ ನಡುವೆ ಹೇಳಿಹೋದ ರಕ್ತದ ಹನಿಯ ಮಾತೇ ನನಗೆ ಮುಖ್ಯವಾಗಿ ಕಂಡಿತು. ಶಿಬಿರದ ದಿನಾಂಕ ಹತ್ತಿರವಿದೆ ಎಂಬ ಕಾರಣಕ್ಕೆ ಹೆಸರು ಬರೆಸಬೇಡಿ. ಆ ರಕ್ತ ಎಲ್ಲಿಂದ ಬರುತ್ತಿದೆ ಎಂಬುದು ತಿಳಿದ ಮೇಲೆ ಆಪರೇಷನ್ನಿನ ದಿನ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ನಾಯಿಯ ಎರಡೂ ಕಿವಿಗಳ ಅಂಚನ್ನು ಬೆರಳಾಡಿಸಿ ನೋಡಿ. ಬೀದಿನಾಯಿಗಳಿಗೆ ಸಂತಾನಹರಣ ಮಾಡಿದಾಗ, ಅದೇ ನಾಯಿಯನ್ನು ಮತ್ತೆ ಹಿಡಿಯದಿರಲೆಂದು ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಬಿಡುವುದು ಪದ್ಧತಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿಯೂ ಕಿವಿಗೆ ಗುರುತು ಮಾಡುವ ಕ್ರಮವಿದೆ. ನೇರವಾಗಿ ಕತ್ತರಿಸಿದಂತಹ ಕಚ್ಚು ಇದ್ದರೆ ಅದನ್ನು ವೈದ್ಯರಿಗೆ ತೋರಿಸಿ, ಏಕೆಂದರೆ ಆಪರೇಷನ್ ಆಗಲೇ ಮುಗಿದಿರಬಹುದು. ಜಗಳದಲ್ಲಿ ಹರಿದ ಕಿವಿ ಹೀಗೆ ನೇರವಾಗಿರುವುದಿಲ್ಲ.

ಕಚ್ಚು ಇಲ್ಲವೆಂದರೆ ರಕ್ತಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಯೋಚಿಸಬೇಕಾಗುತ್ತದೆ. ಸಹಜವಾದದ್ದು ಬೆದೆ. ಬೆದೆಯ ಕಾಲ ಒಟ್ಟು ಸುಮಾರು ಮೂರು ವಾರ ನಡೆಯುತ್ತದೆ, ಯೋನಿಯ ಭಾಗ ಊದಿಕೊಂಡಿರುತ್ತದೆ, ಬೇಲಿಯ ಹೊರಗೆ ಊರಿನ ಗಂಡುನಾಯಿಗಳೆಲ್ಲ ಕಾವಲು ಕೂತಿರುತ್ತವೆ. ಈ ಲಕ್ಷಣಗಳಿದ್ದು ಈಗ ರಕ್ತ ಕಡಿಮೆಯಾಗುತ್ತಿದ್ದರೆ ಭಯಪಡಬೇಕಿಲ್ಲ. ಆದರೆ ಬೆದೆಯಲ್ಲಿಯೂ ಅದರ ಬೆನ್ನಿಗೂ ಗರ್ಭಕೋಶದ ರಕ್ತನಾಳಗಳು ತುಂಬಿ ಉಬ್ಬಿರುವುದರಿಂದ ಆಪರೇಷನ್ನಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು; ಬೆದೆ ಮುಗಿದು ಎರಡು ಮೂರು ತಿಂಗಳು ಕಾಯುವುದು ಒಳ್ಳೆಯದು. ಶಿಬಿರದವರು ಬೆದೆಯಲ್ಲಿರುವ ಬೀದಿನಾಯಿಗೂ ಶಸ್ತ್ರಚಿಕಿತ್ಸೆ ಮಾಡುತ್ತಾರಲ್ಲ ಎಂದು ತಾವು ಕೇಳಬಹುದು. ಬಿಟ್ಟರೆ ಇನ್ನೊಮ್ಮೆ ಕೈಗೆ ಸಿಗದ ನಾಯಿಯ ವಿಷಯದಲ್ಲಿ ಆ ನಿರ್ಧಾರ ಸರಿಯೇ. ಅಂಗಳದಲ್ಲಿ ಕಟ್ಟಿಕೊಂಡಿರುವ ನಾಯಿಗೆ ಆ ಅವಸರವಿಲ್ಲ.

ಇದರಲ್ಲಿ ಒಂದು ತೊಡಕಿದೆ. ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ಮನೆಗೆ ಬರುವ ಮುಂಚೆಯೇ ಅದು ಗಂಡಿನೊಂದಿಗೆ ಕೂಡಿದ್ದರೆ, ತಾವು ಎರಡು ತಿಂಗಳು ಕಾಯುವಷ್ಟರಲ್ಲಿ ಗೋಣಿಯ ಮೇಲೆ ಮರಿಗಳಿರುತ್ತವೆ. ಆದ್ದರಿಂದ ಇನ್ನು ಒಂದೆರಡು ವಾರದಲ್ಲಿ ಸ್ಕ್ಯಾನಿಂಗ್ ಮಾಡಿಸಿ. ಕೂಡಿ ನಾಲ್ಕು ವಾರವಾದ ಮೇಲೆ ಗರ್ಭ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಗರ್ಭ ನಿಂತಿದ್ದರೆ ಆರಂಭದಲ್ಲಿಯೇ ಗರ್ಭಸಹಿತ ಆಪರೇಷನ್ ಮಾಡಲು ಸಾಧ್ಯವಿದೆ, ಅಥವಾ ಮರಿಗಳು ಹಾಲು ಬಿಟ್ಟು, ತಾಯಿಯ ಕೆಚ್ಚಲು ಒಣಗುವವರೆಗೆ ಕಾಯಬಹುದು. ಇದು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ ವಿಷಯ. ಎಲ್ಲ ಮರಿಗಳಿಗೂ ಮನೆ ಹುಡುಕುವ ಭರವಸೆ ಇಲ್ಲದಿದ್ದರೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಎರಡನೆಯ ಕಾರಣ ಸಂಸರ್ಗದಿಂದ ಹರಡುವ ಗಡ್ಡೆ. ನಮ್ಮ ಬೀದಿನಾಯಿಗಳಲ್ಲಿ ಇದು ಅಪರೂಪವಲ್ಲ. ಯೋನಿಯೊಳಗೆ ಹೂಕೋಸಿನಂತಹ ಕೆಂಪು ಮಾಂಸ ಬೆಳೆದು, ತಿಂಗಳು ಕಳೆದರೂ ನಿಲ್ಲದೆ ಹನಿಹನಿಯಾಗಿ ರಕ್ತ ಒಸರುತ್ತದೆ. ಮನೆಯವರು ಅದನ್ನು ಬೆದೆಯೆಂದೇ ತಿಳಿದಿರುತ್ತಾರೆ. ಸೇವೆಯಲ್ಲಿದ್ದ ಕಾಲದಲ್ಲಿ ಒಮ್ಮೆ ನಾನೂ ಹಾಗೆಯೇ ತಿಳಿದು, ಕೈಗವಸು ಹಾಕಿ ಪರೀಕ್ಷಿಸದೆ ಒಂದು ನಾಯಿಯನ್ನು ವಾಪಸು ಕಳುಹಿಸಿದ್ದೆ. ಎರಡು ತಿಂಗಳ ಮೇಲೆ ಅದು ಬಂದಾಗ ಗಡ್ಡೆ ಹೊರಗೇ ಕಾಣುತ್ತಿತ್ತು. ಹೆಸರು ಕೇಳಿ ಹೆದರಬೇಡಿ. ವಾರಕ್ಕೊಂದರಂತೆ ವಿನ್‌ಕ್ರಿಸ್ಟೀನ್ ಚುಚ್ಚುಮದ್ದನ್ನು ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಇದು ಪೂರ್ತಿ ಕರಗುತ್ತದೆ. ಆದರೆ ಗರ್ಭಕೋಶ ತೆಗೆದ ಮಾತ್ರಕ್ಕೆ ಈ ಗಡ್ಡೆ ಹೋಗುವುದಿಲ್ಲ.

ಮೂರನೆಯದು ಉಣ್ಣಿಜ್ವರ, ಮತ್ತು ಆಪರೇಷನ್ ಟೇಬಲ್ಲಿನ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಇದರದು. ಉಣ್ಣಿ ಕಚ್ಚಿದಾಗ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ಎರ್ಲಿಕಿಯಾ ಹಿಡಿದ ನಾಯಿ ತಿಂಗಳುಗಟ್ಟಲೆ ಉಂಡು, ಆಡಿಕೊಂಡು ಇರುವಂತೆಯೇ ಕಾಣಬಹುದು, ಒಳಗೆ ಮಾತ್ರ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿದಿರುತ್ತವೆ. ಅಂತಹ ನಾಯಿಯ ಹೊಟ್ಟೆ ಕೊಯ್ದರೆ ರಕ್ತ ನಿಲ್ಲಿಸುವುದೇ ಕಷ್ಟ. ಒಸಡು ಬಿಳಿಚಿದೆಯೇ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳಿವೆಯೇ, ಮೂಗಿನಲ್ಲಿ ರಕ್ತ ಬಂದಿತ್ತೇ ಎಂದು ನೋಡಿ; ಇವು ಯಾವುವೂ ಇಲ್ಲದಿದ್ದರೂ ಪ್ಲೇಟ್‌ಲೆಟ್ ಎಣಿಕೆ ಸೇರಿದ ರಕ್ತಪರೀಕ್ಷೆಯನ್ನು ಬಿಡಬೇಡಿ. ಎರ್ಲಿಕಿಯಾ ಇದ್ದರೆ ಡಾಕ್ಸಿಸೈಕ್ಲಿನ್ ಔಷಧವನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡಬೇಕು. ನಾಯಿ ಮೂರನೆಯ ದಿನವೇ ಗೆಲುವಾಯಿತೆಂದು ನಡುವೆ ನಿಲ್ಲಿಸುವವರೇ ಬಹಳ. ಮತ್ತೆ ರಕ್ತ ನೋಡಿ, ಎಣಿಕೆ ಸರಿಯಾದ ಮೇಲೆಯೇ ಆಪರೇಷನ್.

ಲಸಿಕೆಯ ವಿಷಯ ಸರಳ. ನಾಯಿಗೆ ಜ್ವರವಿಲ್ಲದಿದ್ದರೆ ಮೊದಲ ಭೇಟಿಯಲ್ಲಿಯೇ ರೇಬೀಸ್ ಲಸಿಕೆ ಹಾಕಿಸಿ, ವರ್ಷಕ್ಕೊಮ್ಮೆ ಮುಂದುವರಿಸಿ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇವೆಲ್ಲಕ್ಕೂ ಸೇರಿದ ಲಸಿಕೆಯನ್ನು ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ಹಾಕಿಸಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ನಮ್ಮ ಕರಾವಳಿಯಲ್ಲಿ ಇಲಿಜ್ವರ ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲಬಹುದಾದ್ದರಿಂದ ಎರಡನೆಯದನ್ನು ತಪ್ಪಿಸಬೇಡಿ. ಜಂತುಹುಳುವಿನ ಮಾತ್ರೆಯನ್ನು ತೂಕ ನೋಡಿ ಕೊಡಿಸಿ. ಇನ್ನೊಂದು ಮಾತು: ಹಿಂದಿನ ಚರಿತ್ರೆ ಗೊತ್ತಿಲ್ಲದ ನಾಯಿಗೆ ಇಂದು ಹಾಕಿದ ರೇಬೀಸ್ ಲಸಿಕೆ ಮುಂದಿನ ಸೋಂಕನ್ನು ತಡೆಯುತ್ತದೆಯೇ ಹೊರತು ಒಳಗೆ ಆಗಲೇ ಸೇರಿರಬಹುದಾದ ಸೋಂಕನ್ನು ಅಳಿಸುವುದಿಲ್ಲ. ಆಟವಾಡುತ್ತಾ ಮಗಳಿಗೆ ಹಲ್ಲು ತಾಗಿ ಚರ್ಮ ಗೀರಿದರೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಅತ್ತೆಯವರ ಮಾತು. ಅದರ ಹಿಂದಿರುವ ಕರುಣೆ ನನಗೆ ಅರ್ಥವಾಗುತ್ತದೆ, ಆದರೆ ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದೆಂಬುದಕ್ಕೆ ಆಧಾರವಿಲ್ಲ. ರೋಗ ಹತ್ತುವುದು ನಿಜವಾಗಿ ಗರ್ಭಕೋಶವನ್ನು ಹಾಗೆಯೇ ಬಿಟ್ಟ ನಾಯಿಗಳಿಗೆ: ವಯಸ್ಸಾದಂತೆ, ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬಿ, ನಾಯಿ ಅತಿಯಾಗಿ ನೀರು ಕುಡಿಯತೊಡಗಿ, ಅನ್ನ ಬಿಟ್ಟು, ತಡಮಾಡಿದರೆ ಸಾಯುತ್ತದೆ. ಮರಿ ಹಾಕಿದ ನಾಯಿಗೂ ಇದು ಬರುತ್ತದೆ. ಕೆಚ್ಚಲಿನ ಗಡ್ಡೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ. ಮೊದಲ ಬೆದೆಗೆ ಮುಂಚೆ ಆಪರೇಷನ್ ಆದರೆ ಅದು ಬಹುತೇಕ ಬರುವುದೇ ಇಲ್ಲವೆಂಬ ಮಾತು 1969ರ ಒಂದು ಅಮೆರಿಕನ್ ಅಧ್ಯಯನದಿಂದ ಬಂದದ್ದು. 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದವರು ಆ ಪುರಾವೆ ದುರ್ಬಲವೆಂದರು. ಆದ್ದರಿಂದ ಒಂದು ಬೆದೆ ಕಳೆದುಹೋಯಿತೆಂದು ಕೊರಗಬೇಕಿಲ್ಲ, ಮುಂದಿನ ಬೆದೆಗೆ ಬಿಡಲೂ ಬೇಡಿ. ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಆಹಾರ ಬೇಕಾಗುವುದಿಲ್ಲ. ಅನ್ನ ಮತ್ತು ಮೀನಿನ ಪ್ರಮಾಣವನ್ನು ಕಾಲು ಭಾಗದಷ್ಟು ಇಳಿಸದಿದ್ದರೆ ಬೊಜ್ಜು ಖಂಡಿತ. ಹೊಲಿಗೆ ನೆಕ್ಕದಂತೆ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಕಾಲರನ್ನು ಹತ್ತರಿಂದ ಹದಿನಾಲ್ಕು ದಿನ ಬಿಚ್ಚಬೇಡಿ, ಅಲ್ಲಿಯವರೆಗೆ ಸ್ನಾನವೂ ಬೇಡ, ಕಡಲತೀರದ ಓಟವೂ ಬೇಡ.

ಪ್ರಶ್ನೆ: ರಸ್ತೆಯಲ್ಲಿ ಸಿಕ್ಕ ಗಂಡುನಾಯಿಯೊಂದು ಎರಡು ವರ್ಷದಿಂದ ನಮ್ಮ ಅಡಿಕೆ ತೋಟದ ಮನೆಯಲ್ಲಿದೆ. ಬೀಜ ತೆಗೆಸಿದರೆ ಕಾವಲು ಕಾಯುವುದನ್ನು ಬಿಡುತ್ತದೆಯೇ? ಬೆಟ್ಟದಲ್ಲಿ ಅಲೆದು ಉಣುಗು ಹತ್ತಿಸಿಕೊಂಡು ಬರುತ್ತದೆ.
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಅಪರಿಚಿತರಿಗೆ ಬೊಗಳುವುದು ನಾಯಿಯ ಸ್ವಭಾವ, ಬೀಜದ ಕೆಲಸವಲ್ಲ. ಕಡಿಮೆಯಾಗುವುದು ಬೆದೆಯ ಹೆಣ್ಣಿನ ಹಿಂದೆ ರಾತ್ರಿಯೆಲ್ಲ ಅಲೆಯುವುದು. ಚಿರತೆ ಓಡಾಡುವ ನಿಮ್ಮ ಕಡೆ ಅದೇ ದೊಡ್ಡ ಲಾಭ. ಅಲೆಯುವ ಚಟ ಹಳೆಯದಾಗಿದ್ದರೆ ಪೂರ್ತಿ ಹೋಗದಿರಬಹುದು. ಆಪರೇಷನ್ ಆದ ಮೇಲೂ ಕೆಲವು ವಾರ ಗರ್ಭ ನಿಲ್ಲಿಸುವ ಶಕ್ತಿ ಉಳಿದಿರುತ್ತದೆ. ಹೋರಿಗೆ ಬಳಸುವ ಇಕ್ಕಳದಲ್ಲಿ ಬೀಜ ಒಡೆಸುವ ಯೋಚನೆ ಮಾತ್ರ ಬೇಡ. ನಾಯಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕು.

ಉಣುಗಿನ ವಿಷಯ ನಾಯಿಯೊಂದಕ್ಕೇ ಸಂಬಂಧಿಸಿದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ, ಶಿರಸಿಯ ಕಡೆಗೂ ಬಂದಿದೆ, ಮತ್ತು ಅದನ್ನು ಹರಡುವುದು ಕಾಡಿನ ಉಣುಗೇ. ಮಳೆ ಮುಗಿದಂದಿನಿಂದ ಮತ್ತೆ ಮಳೆ ಹಿಡಿಯುವವರೆಗೆ ನಾಯಿಯನ್ನು ಬೆಟ್ಟಕ್ಕೆ ಬಿಡಬೇಡಿ, ಬಂದರೆ ಒಳಗೆ ಸೇರಿಸುವ ಮೊದಲು ಅಂಗಳದಲ್ಲಿಯೇ ಮೈ ಬಾಚಿ. ಉಣುಗನ್ನು ಬರಿಗೈಯಿಂದ ಕೀಳಬೇಡಿ, ಉಗುರಿನಲ್ಲಿ ಹಿಸುಕಬೇಡಿ. ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಮೂರು ತಿಂಗಳಿಗೊಮ್ಮೆ ತಿನ್ನಿಸುವ ಫ್ಲುರಲೇನರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ದನಕ್ಕೆ ತಂದ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಬಳಿಯಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಯಾವ ಔಷಧವೂ ಬೇಡ. ನಾಯಿ ತಾಳಿಕೊಳ್ಳುವ ಆ ಔಷಧ, ಪಕ್ಕದಲ್ಲಿ ಮಲಗಿದ ಬೆಕ್ಕಿನ ಪ್ರಾಣ ತೆಗೆಯಬಹುದು.